ಪಾಠಕ್ಕೆ ಕನ್ನಡದ ದನಿ ಕೊಡೋಣ

ತರಕಾರಿ ಅಂಗಡಿಯಲ್ಲಿ ಹಣ ಕೊಡಲು ನಾವು ಮೊಬೈಲ್ ಹಿಡಿಯುವ ಕ್ಯೂಆರ್ ಕೋಡನ್ನು ಪಾಠ ಹೇಳಲು ಬಳಸಿಕೊಂಡ ಶಿಕ್ಷಕರೊಬ್ಬರು ನಮ್ಮ ಮಹಾರಾಷ್ಟ್ರದವರೇ. ಸೊಲ್ಲಾಪುರ ಜಿಲ್ಲೆಯ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಗೆ 2009ರಲ್ಲಿ ಬಂದ ರಣಜಿತ್‌ಸಿಂಹ ಡಿಸಳೆ ಅವರಿಗೆ 2020ರಲ್ಲಿ 10 ಲಕ್ಷ ಡಾಲರ್ ಮೊತ್ತದ ಗ್ಲೋಬಲ್ ಟೀಚರ್ ಪ್ರಶಸ್ತಿ ಲಭಿಸಿತು. ಅದರ ಅರ್ಧವನ್ನು ಅಂತಿಮ ಸುತ್ತಿನ ಉಳಿದ 9 ಶಿಕ್ಷಕರಿಗೆ ಹಂಚುವುದಾಗಿ ಅವರು ಘೋಷಿಸಿದರು.

ಪ್ರಶಸ್ತಿ ಸಂಸ್ಥೆ ನೀಡಿದ ವಿವರದಂತೆ, ಅಲ್ಲಿನ ಮಕ್ಕಳ ಮಾತು ಕನ್ನಡ, ಪಠ್ಯ ಮಾತ್ರ ಬೇರೆ ಭಾಷೆಯದು. ಡಿಸಳೆಯವರು ಶ್ರಮಪಟ್ಟು ಕನ್ನಡ ಕಲಿತು, 1ರಿಂದ 4ನೇ ತರಗತಿಯ ಪುಸ್ತಕಗಳನ್ನು ಮರುರೂಪಿಸಿ ಕೋಡ್ ಸೇರಿಸಿದರು. ಮೊಬೈಲ್ ಹಿಡಿದರೆ ಪದ್ಯ, ಕತೆ, ಪಾಠದ ವಿಡಿಯೊ ಕನ್ನಡದಲ್ಲೇ ತೆರೆದುಕೊಳ್ಳುತ್ತಿತ್ತು. ಅವರು ಮೊದಲು ಮಕ್ಕಳ ಭಾಷೆ ಕಲಿತರು, ತಂತ್ರಜ್ಞಾನ ಅದರ ಹಿಂದೆ ಬಂತು.

ಮುಂಬಯಿ ಪಾಲಿಕೆಯ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಕುಸಿದಿದೆ. ಬೀದಿಯಲ್ಲಿ ಹಿಂದಿ, ಮರಾಠಿ ಕೇಳಿ ಬೆಳೆಯುವ ಮಗುವಿಗೆ ಶಾಲೆಯ ಹೊರಗೆ ಶುದ್ಧ ಕನ್ನಡ ಕಿವಿಗೆ ಬೀಳುವುದೇ ಅಪರೂಪ. ಬಾಲಭಾರತಿ ಕನ್ನಡದಲ್ಲೂ ಪಠ್ಯಪುಸ್ತಕ ಪ್ರಕಟಿಸುತ್ತದೆ. ಅನುಮತಿ ಪಡೆದು, ನಮ್ಮ ಸಂಘಗಳ ರಂಗಕಲಾವಿದರು, ನಿವೃತ್ತ ಶಿಕ್ಷಕರು ಆ ಪಾಠಗಳನ್ನು ಓದಿ ಧ್ವನಿಮುದ್ರಿಸಿ ಕೊಡಬಹುದಲ್ಲವೇ? ಇದಕ್ಕೆ ಒಂದು ಮೊಬೈಲ್, ಸದ್ದಿಲ್ಲದ ಒಂದು ಕೋಣೆ ಸಾಕು. ವಾರ್ಷಿಕೋತ್ಸವದ ಖರ್ಚಿನ ಮುಂದೆ ಇದು ಏನೇನೂ ಅಲ್ಲ.

ಪ್ರತಿವರ್ಷ ಉಚಿತ ನೋಟ್‌ಪುಸ್ತಕ ಹಂಚುವ ಸಂಘಗಳು ಬರುವ ಜೂನ್‌ನಲ್ಲಿ ಅದರ ಹಿಂಬದಿಯಲ್ಲಿ ದಾನಿಗಳ ಹೆಸರಿನ ಜೊತೆಗೆ ಇಂಥದೊಂದು ಕೋಡನ್ನೂ ಅಚ್ಚು ಹಾಕಿಸಲಿ.