ಪುಟ್ಟ ಬಚ್ಚಲು ಮನೆಗೊಂದು ಶವರ್

ಹಳೆಯ ಬಚ್ಚಲು ಮನೆಯನ್ನು ಒಡೆದು ಹೊಸದು ಮಾಡಿಸುವ ಮಾತು ಬಂದರೆ ಸಾಕು, ಮನೆಮಂದಿಯೆಲ್ಲ ಮೊದಲು ಹೊರಡುವುದು ಟೈಲ್ಸ್ ಅಂಗಡಿಗೆ. ಮಕ್ಕಳಿಗೆ ತಟ್ಟೆಯಷ್ಟಗಲದ ಶವರ್ ಬೇಕು, ಯಜಮಾನರಿಗೆ ಹೊಳೆಯುವ ಟೈಲ್ಸ್ ಬೇಕು. ಫಜ್ರ್‌ಗೆ ಎದ್ದು ನಿದ್ದೆಗಣ್ಣಿನಲ್ಲೇ ವುಝೂ ಮಾಡಲು ಆ ನೆಲದ ಮೇಲೆ ಕಾಲಿಡುವ ಅತ್ತೆಯವರ ಬಗ್ಗೆ ಯೋಚಿಸಬೇಕಾದವರು ನೀವೇ. ಸಣ್ಣ ಬಚ್ಚಲಲ್ಲಿ ಶವರಿನ ನೀರು ಒಂದೇ ಮೂಲೆಯಲ್ಲಿ ಬೀಳುವುದಿಲ್ಲ. ಕಮೋಡು, ಬಾಗಿಲು, ಕಾಲೊರೆಸು, ಎಲ್ಲವೂ ತೋಯುತ್ತವೆ. ಆದ್ದರಿಂದ ಯಾವ ಶವರ್ ಎಂಬುದಕ್ಕಿಂತ ಮೊದಲು ನೀರು ಎಲ್ಲಿ ಬಿದ್ದು ಎಲ್ಲಿಗೆ ಹರಿಯಬೇಕೆಂದು ನಿರ್ಧರಿಸಿಕೊಳ್ಳಿ.

ನಿಮ್ಮ ಬಚ್ಚಲು ನಾಲ್ಕು ಅಡಿ ಅಗಲ, ಏಳು ಅಡಿ ಉದ್ದ ಎಂದಿಟ್ಟುಕೊಳ್ಳೋಣ. ಬಾಗಿಲ ಬಳಿ ವಾಶ್ ಬೇಸಿನ್, ಮಧ್ಯದಲ್ಲಿ ಕಮೋಡು, ಬಾಗಿಲಿನಿಂದ ದೂರದ ಗೋಡೆಗೆ ಶವರ್. ಕೊನೆಯ ಮೂರು ಅಡಿ ಸ್ನಾನಕ್ಕೆ ಸಾಕು. ಆ ಭಾಗದ ನೆಲ ಉಳಿದದ್ದಕ್ಕಿಂತ ಅರ್ಧ ಇಂಚು ತಗ್ಗಿರಲಿ, ನೀರು ಹೋಗುವ ಜಾಲರಿ ಅಲ್ಲಿಯೇ ಇರಲಿ, ಅದರತ್ತ ಅಡಿಗೆ ಕಾಲು ಇಂಚಿನಂತೆ ಇಳಿಜಾರಿರಲಿ. ನೀರು ತಡೆಯಲು ಕಟ್ಟೆ ಕಟ್ಟಿಸಬೇಡಿ, ವಯಸ್ಸಾದವರು ಎಡವುವುದೇ ಅದಕ್ಕೆ. ಗಾಜಿನ ಪಾರ್ಟಿಶನ್ ನೋಡಲು ಚೆಂದ. ಆದರೆ ಬೋರ್‌ವೆಲ್ ನೀರಿನ ಬಿಳಿ ಕಲೆಯನ್ನು ದಿನಾ ಉಜ್ಜುವವರು ನೀವೇ ತಾನೆ? ಪ್ಲಾಸ್ಟಿಕ್ ಪರದೆ ಧಾರಾಳ ಸಾಕು. ಕಮೋಡಿನ ಜಾಗ ಬದಲಾಗುವುದಾದರೆ, ಕುಳಿತಾಗ ಕಿಬ್ಲಾದ ಕಡೆಗೆ ಮುಖವಾಗಲಿ ಬೆನ್ನಾಗಲಿ ಬಾರದಂತೆ ಮೇಸ್ತ್ರಿಗೆ ಮೊದಲೇ ಹೇಳಿಬಿಡಿ. ಪೈಪ್ ಹೂತ ಮೇಲೆ ಹೇಳಿ ಪ್ರಯೋಜನವಿಲ್ಲ.

ಇನ್ನು ಆ ತಟ್ಟೆಯಷ್ಟಗಲದ ಶವರಿನ ವಿಷಯ. ಟ್ಯಾಂಕಿನ ನೀರು ಶವರಿಗಿಂತ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಒತ್ತಡ. ಹತ್ತು ಮೀಟರ್ ಎತ್ತರವಿದ್ದರೆ ಒಂದು ಬಾರ್. ಒಂದೇ ಅಂತಸ್ತಿನ ಮನೆಯಲ್ಲಿ ಟ್ಯಾಂಕನ್ನು ತಾರಸಿಯ ಮೇಲೆಯೇ ಇಟ್ಟಿದ್ದರೆ ಅದರ ಕಾಲು ಭಾಗವೂ ಸಿಗದು. ಅಂಗಡಿಯಲ್ಲಿ ಮಳೆಯಂತೆ ಸುರಿದದ್ದು ಮನೆಯಲ್ಲಿ ತೊಟ್ಟಿಕ್ಕುತ್ತದೆ. ನನ್ನನ್ನು ಕೇಳಿದರೆ, ಕಂಬಿಯ ಮೇಲೆ ಮೇಲಕ್ಕೂ ಕೆಳಕ್ಕೂ ಸರಿಸಬಹುದಾದ ಸಣ್ಣ ಹ್ಯಾಂಡ್ ಶವರ್ ಹಾಕಿಸಿ. ಅತ್ತೆಯವರು ಸ್ಟೂಲಿನ ಮೇಲೆ ಕುಳಿತೇ ಸ್ನಾನ ಮಾಡಬಹುದು, ಮಗುವಿನ ಕಣ್ಣಿಗೆ ಸಾಬೂನು ಹೋಗದಂತೆ ತಲೆ ತೊಳೆಯಬಹುದು, ಬಾಣಂತಿಗೂ ಅನುಕೂಲ. ತಲೆ ನೆನೆಸದೆ ಮೈ ತೊಳೆಯುವ ದಿನಗಳಲ್ಲಿ ಇದರ ಬೆಲೆ ಗಂಡಸರಿಗೆ ಗೊತ್ತಾಗದು! ಅದರ ಕೆಳಗೆ ಬಕೆಟ್‌ಗೊಂದು ನಲ್ಲಿಯೂ ಇರಲಿ.

ಬಕೆಟ್ ಬಿಡಬೇಡಿ ಎನ್ನಲು ಇನ್ನೊಂದು ಕಾರಣವಿದೆ. ಪ್ರವಾದಿ(ಸ)ರವರು ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರು, ಒಂದು ಸಾಅ್‌ನಿಂದ ಐದು ಮುದ್ದ್‌ವರೆಗಿನ ನೀರಿನಲ್ಲಿ ಸ್ನಾನ ಮಾಡುತ್ತಿದ್ದರೆಂದು ಅನಸ್(ರ) ವರದಿ ಮಾಡಿದ್ದಾರೆ. ಮುದ್ದ್ ಎಂದರೆ ಎರಡು ಕೈ ಸೇರಿಸಿದ ಒಂದು ಬೊಗಸೆ. ನಾಲ್ಕು ಮುದ್ದ್ ಒಂದು ಸಾಅ್. ನಿಮಿಷಕ್ಕೆ ಎಂಟು ಲೀಟರ್ ಸುರಿಸುವ ಶವರಿನ ಕೆಳಗೆ ಹತ್ತು ನಿಮಿಷ ನಿಂತರೆ 80 ಲೀಟರ್. ಹ್ಯಾಂಡ್ ಶವರಿನ ಹಿಡಿಯಲ್ಲೇ ನೀರು ನಿಲ್ಲಿಸುವ ಗುಂಡಿ ಇರುವಂಥದ್ದು ಸಿಗುತ್ತದೆ, ಅದನ್ನೇ ಕೇಳಿ. ಸಾಬೂನು ಹಚ್ಚುವಷ್ಟು ಹೊತ್ತು ನಿಲ್ಲಿಸುವುದು ಮಕ್ಕಳಿಗೂ ರೂಢಿಯಾಗುತ್ತದೆ.

ನೆಲಕ್ಕೆ ಒರಟು ಮೈಯ, ಜಾರದ ಟೈಲ್ಸೇ ಇರಲಿ. ಹೊಳಪು ಬೇಕೆಂದವರಿಗೆ ಗೋಡೆ ಇದೆಯಲ್ಲ. ಶವರಿನ ಪಕ್ಕ ಸೊಂಟದೆತ್ತರಕ್ಕೆ ಒಂದು ಗಟ್ಟಿ ಹಿಡಿಕೆ ಹಾಕಿಸಿ. ಟವೆಲ್ ಕಂಬಿ ಆ ಕೆಲಸಕ್ಕಾಗದು, ಮನುಷ್ಯರ ಭಾರಕ್ಕೆ ಕಿತ್ತು ಬರುತ್ತದೆ. ಗೀಸರಿನ ಸ್ವಿಚ್ ಬಚ್ಚಲಿನ ಹೊರಗಿರಲಿ, ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಶಿಯನ್‌ನಿಂದ ನೋಡಿಸಿ.

ಎರಡು ವಿಷಯಗಳಲ್ಲಿ ಮಾತ್ರ ಮೇಸ್ತ್ರಿಯ ಅವಸರಕ್ಕೆ ಮಣಿಯಬೇಡಿ. ವಾಟರ್‌ಪ್ರೂಫಿಂಗ್ ಆಗಿ ಒಣಗಿದ ಮೇಲೆ, ಟೈಲ್ಸ್ ಕೂರಿಸುವ ಮೊದಲು, ಜಾಲರಿ ಮುಚ್ಚಿ ನೆಲದಲ್ಲಿ ನೀರು ಕಟ್ಟಿ 24 ಗಂಟೆ ಬಿಡಿ. ಮಹಡಿಯ ಮನೆಯಾದರೆ ಕೆಳಗಿನವರ ಸೀಲಿಂಗನ್ನೂ ನೋಡಿ ಬನ್ನಿ. ಕೆಲಸವೆಲ್ಲ ಮುಗಿದ ದಿನ, ಕೊನೆಯ ಕಂತು ಕೈಗಿಡುವ ಮೊದಲು, ಮೇಸ್ತ್ರಿಯ ಎದುರಿನಲ್ಲೇ ಬಾಗಿಲ ಬಳಿ ಒಂದು ಬಕೆಟ್ ನೀರು ಚೆಲ್ಲಿ. ಅದು ತಾನಾಗಿ ಜಾಲರಿಯ ಕಡೆಗೆ ಹೋಗಬೇಕು. ಕಮೋಡಿನ ಬುಡದಲ್ಲೋ ಹೊಸ್ತಿಲ ಬಳಿಯೋ ನಿಂತರೆ, ಅಷ್ಟು ಭಾಗದ ಟೈಲ್ಸನ್ನು ಅಂದೇ ಎಬ್ಬಿಸಿ ಸರಿ ಮಾಡಿಕೊಡಲು ಹೇಳಿ.