ಲೂಲಿಂಗ್‌ನ ಕೊಳಚೆ, ನಿಪ್ಪಾಣಿಯ ಸೋಯಾ

ಗ್ಲೈಫೊಸೇಟ್ ಎಂಬ ಕಳೆನಾಶಕಕ್ಕೆ ಕಳೆ ಯಾವುದು, ಪೈರು ಯಾವುದು ಅನ್ನುವ ಭೇದವಿಲ್ಲ. ಬಿದ್ದಲ್ಲಿ ಹಸಿರೆಲ್ಲ ಒಣಗುತ್ತದೆ. 1970ರಲ್ಲಿ ಅಮೆರಿಕದ ಮೊನ್ಸಾಂಟೊ ಕಂಪನಿಯ ಜಾನ್ ಫ್ರಾಂಜ್ ಅದರ ಈ ಗುಣ ಕಂಡುಹಿಡಿದರು. 1974ರಲ್ಲಿ ಅದು ರೌಂಡಪ್ ಎಂಬ ಹೆಸರಲ್ಲಿ ಮಾರುಕಟ್ಟೆಗೆ ಬಂತು. ಬಿತ್ತುವ ಮೊದಲು ಹೊಡೆಯಬಹುದು, ಬೆಳೆ ಎದ್ದ ಮೇಲೆ ಹೊಲಕ್ಕೆಲ್ಲ ಹೊಡೆಯುವಂತಿಲ್ಲ. ಬೆಳೆಯೇ ಈ ಔಷಧಿ ತಾಳಿಕೊಂಡರೆ? 1980ರ ದಶಕದಲ್ಲಿ ಕಂಪನಿಯ ವಿಜ್ಞಾನಿಗಳು ಇದರ ಬೆನ್ನು ಹತ್ತಿದರು. ಕೆಲವು ಅಮೈನೊ ಆಮ್ಲಗಳನ್ನು ತಯಾರಿಸಿಕೊಳ್ಳಲು ಗಿಡಕ್ಕೆ ಬೇಕಾದ ಒಂದು ಕಿಣ್ವವನ್ನು ಗ್ಲೈಫೊಸೇಟ್ ಕಟ್ಟಿಹಾಕುತ್ತದೆ. ಪೆಟೂನಿಯಾ ಹೂಗಿಡದ ವಂಶವಾಹಿ ಬಳಸಿ ಆ ಕಿಣ್ವ ಹೆಚ್ಚು ತಯಾರಾಗುವಂತೆ ಮಾಡಿ ನೋಡಿದರು. ಗಿಡ ಬದುಕಿತು, ಆದರೆ ಹೊಲಕ್ಕೆ ಹೊಡೆಯುವ ಪ್ರಮಾಣ ತಡೆಯುವಷ್ಟು ಗಟ್ಟಿಯಾಗಲಿಲ್ಲ.

ಉತ್ತರ ಇದ್ದದ್ದು ಕಂಪನಿಯದೇ ಕೊಳಚೆಯಲ್ಲಿ. ಲೂಸಿಯಾನಾ ರಾಜ್ಯದ ಲೂಲಿಂಗ್‌ನಲ್ಲಿ, ಮಿಸ್ಸಿಸಿಪ್ಪಿ ನದಿಯ ದಂಡೆಗೆ, ಗ್ಲೈಫೊಸೇಟ್ ತಯಾರಿಸುವ ಕಾರ್ಖಾನೆಯಿತ್ತು. ಆ ವಿಷವೇ ತುಂಬಿದ ತ್ಯಾಜ್ಯದಲ್ಲೂ ಕೆಲವು ಬ್ಯಾಕ್ಟೀರಿಯಾ ಆರಾಮಾಗಿ ಬಾಳುತ್ತಿದ್ದವು. ಅವುಗಳಲ್ಲಿ ಸಿಪಿ4 ಎಂಬ ಅಗ್ರೊಬ್ಯಾಕ್ಟೀರಿಯಂ ತಳಿಯ ಕಿಣ್ವ ತನ್ನ ಕೆಲಸ ಮಾಡುತ್ತಿತ್ತು, ಗ್ಲೈಫೊಸೇಟ್‌ಗೆ ಮಾತ್ರ ಸಿಕ್ಕಿಬೀಳುತ್ತಿರಲಿಲ್ಲ. ಪ್ರಯೋಗಶಾಲೆಯಲ್ಲಿ ವರ್ಷಗಟ್ಟಲೆ ಹುಡುಕಿದ್ದು ಗಟಾರದಲ್ಲಿ ತಾನಾಗಿ ಬೆಳೆದಿತ್ತು. ಆ ವಂಶವಾಹಿಯನ್ನು ಚಿನ್ನದ ಸೂಕ್ಷ್ಮ ಕಣಗಳಿಗೆ ಮೆತ್ತಿ ಸೋಯಾ ಗಿಡದ ಜೀವಕೋಶಕ್ಕೆ ಸಿಡಿಸಿದರು. 1996ರಲ್ಲಿ ಅಮೆರಿಕದ ರೈತರ ಕೈಗೆ ಬೀಜ ಬಂತು.

ಅದೇ ವರ್ಷದ ಸುಗ್ಗಿ ಹಡಗು ಹತ್ತಿ ಯುರೋಪಿಗೆ ಹೊರಟಾಗ ಬಂದರುಗಳಲ್ಲಿ ಪ್ರತಿಭಟನೆ ಎದ್ದಿತು. ಮುಂದೆ ಯುರೋಪ್ ಹೀಗೆ ಹೊರಗಿನ ವಂಶವಾಹಿ ಸೇರಿಸಿದ, ಅಂದರೆ ಕುಲಾಂತರಿ, ಬೆಳೆಗಳಿಗೆ ಲೇಬಲ್ ಕಡ್ಡಾಯ ಮಾಡಿತು, ಹೊಸ ಕುಲಾಂತರಿ ತಳಿಗಳಿಗೆ ವರ್ಷಗಟ್ಟಲೆ ಅನುಮತಿ ತಡೆಯಿತು. ಅಮೆರಿಕ, ಕೆನಡಾ, ಅರ್ಜೆಂಟೀನಾ 2003ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಒಯ್ದವು. ಈ ಜಗಳದಿಂದ ಭಾರತದ ಸೋಯಾ ಹಿಂಡಿಗೆ ಒಂದು ಬೆಲೆ ಬಂತು. ಕುಲಾಂತರಿ ಅಲ್ಲದ ಹಿಂಡಿ ಬೇಕೆನ್ನುವ ಗಿರಾಕಿಗಳು ನಮ್ಮಲ್ಲಿಗೂ ಬಂದರು.

ನಮ್ಮಲ್ಲಿ, ಅಂದರೆ ಕರ್ನಾಟಕ-ಮಹಾರಾಷ್ಟ್ರ ಗಡಿಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಹೊಲಗಳಲ್ಲಿ ಬೆಳೆದದ್ದು ಜೆಎಸ್-335. ಅದು ಜಬಲ್‌ಪುರದ ಕೃಷಿ ವಿಶ್ವವಿದ್ಯಾಲಯದ ತಳಿ. ಅದಕ್ಕೆ ಕಳೆಗಿಂತ ದೊಡ್ಡ ಶತ್ರು ತುಕ್ಕು ರೋಗ. ಕೃಷ್ಣಾ ತೀರದ ಮೋಡ ಕವಿದ ಹವೆಯಲ್ಲಿ ಎಲೆಯ ಹಿಂಬದಿಗೆ ಕಂದು ಚುಕ್ಕೆ ಏಳುತ್ತವೆ, ಎಲೆ ಉದುರುತ್ತದೆ, ಕಾಯಿ ಜಳ್ಳಾಗುತ್ತದೆ. ಹಾಗಾಗಿಯೇ ಧಾರವಾಡ ಕೃಷಿ ವಿಶ್ವವಿದ್ಯಾಲಯದ ತಳಿವಿಜ್ಞಾನಿಗಳಿಗೆ ಕಾಗವಾಡ ತಾಲ್ಲೂಕಿನ ಉಗಾರ ಖುರ್ದ ಬೇಕಾಯಿತು. ಸಕ್ಕರೆ ಕಾರ್ಖಾನೆಗೆ ಹೆಸರಾದ ಆ ಊರು ತುಕ್ಕಿಗೂ ತವರು. ಸಾಲುಗಳ ನಡುವೆ ಬೇಗ ರೋಗ ಹತ್ತುವ ತಳಿ ಹಾಕುವುದು, ತುಕ್ಕು ಹಬ್ಬಲು ಬಿಡುವುದು, ಕಡೆಗೆ ಯಾವ ಗಿಡದ ಎಲೆ ಉಳಿದಿದೆ ಎಂದು ನೋಡುವುದು. ಇಂಥ ಹುಡುಕಾಟದಿಂದ ಹೊರಬಂದದ್ದು ಡಿಎಸ್‌ಬಿ 21, ಜೆಎಸ್-335ನ್ನು ವಿದೇಶಿ ಮೂಲದ ತಳಿಯೊಂದಿಗೆ ಸಂಕರಿಸಿ ಪಡೆದ ತುಕ್ಕು ನಿರೋಧಕ ಸೋಯಾ.

ಲೂಲಿಂಗ್‌ನಲ್ಲಿ ವಿಷ ಆರಿಸಿತು, ಉಗಾರದಲ್ಲಿ ರೋಗ ಆರಿಸಿತು. ಹುಡುಕಿದ ಬಗೆಯಲ್ಲಿ ನನಗೆ ಅಷ್ಟೇನೂ ದೂರ ಕಾಣುವುದಿಲ್ಲ. ಕಾನೂನಿಗೆ ಮಾತ್ರ ಬಹಳ ದೂರ. ಸಂಕರದ ತಳಿಗೆ ಕುಲಾಂತರಿಯ ಅನುಮತಿ ಬೇಕಿಲ್ಲ. ಕುಲಾಂತರಿಗೆ 1989ರ ನಿಯಮಗಳ ಪ್ರಕಾರ ದಿಲ್ಲಿಯ ಅನುಮೋದನಾ ಸಮಿತಿ ಒಪ್ಪಬೇಕು. ಸಿಪಿ4 ವಂಶವಾಹಿಯ ಸೋಯಾ ಬಿತ್ತಲು ಆ ಒಪ್ಪಿಗೆ ಇವತ್ತಿಗೂ ಇಲ್ಲ.

ಆದರೆ ಅದೇ ಸೋಯಾದ ಎಣ್ಣೆಗೆ 2007ರಲ್ಲೇ ಬಾಗಿಲು ತೆರೆಯಿತು. ಅರ್ಜೆಂಟೀನಾ, ಬ್ರೆಜಿಲ್‌ಗಳಲ್ಲಿ ಬಹುಪಾಲು ಸೋಯಾ ಕುಲಾಂತರಿಯೇ, ನಮ್ಮ ಬಾಣಲೆಗೆ ಬೀಳುವ ಆಮದು ಸೋಯಾ ಎಣ್ಣೆ ಹೆಚ್ಚಾಗಿ ಅಲ್ಲಿಯದೇ. ಹಿಂಡಿಯ ಸರದಿ 2021ರಲ್ಲಿ ಬಂತು. ದೇಶದ ಮಾರುಕಟ್ಟೆಗಳಲ್ಲಿ ಸೋಯಾ ಕ್ವಿಂಟಲ್‌ಗೆ 10,000 ರೂಪಾಯಿಯ ಆಸುಪಾಸಿಗೆ ಏರಿತ್ತು. ಕೋಳಿ ಸಾಕುವವರು ಬೊಬ್ಬೆ ಹಾಕಿದರು. ಆಗಸ್ಟ್ 24ರಂದು ಕೇಂದ್ರ ಸರಕಾರ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿ ತರಿಸಲು ಅನುಮತಿ ಕೊಟ್ಟಿತು, ನ್ಹಾವಾ ಶೇವಾ ಬಂದರು ಮತ್ತು ಪೆಟ್ರಾಪೋಲ್ ಗಡಿಯ ಮೂಲಕ, ಅಕ್ಟೋಬರ್ 31ರವರೆಗೆ. ಹಿಂಡಿಯಲ್ಲಿ ಮೊಳೆಯುವ ಜೀವವಿಲ್ಲ, ಆದ್ದರಿಂದ ಪರಿಸರಕ್ಕೆ ಅಪಾಯವಿಲ್ಲ ಎಂಬುದು ಕೊಟ್ಟ ಕಾರಣ. ವಿಜ್ಞಾನದ ಲೆಕ್ಕದಲ್ಲಿ ಅದು ತಪ್ಪಲ್ಲ. ಪೇಟೆಯ ಲೆಕ್ಕವೇ ಬೇರೆ. ರಾಶಿಯ ಹೊತ್ತಿಗೆ ದರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಹೊಸ ಮಾಲು ಬಂದಾಗ ದರ ಇಳಿಯುವುದು ಇದ್ದದ್ದೇ, ಹಿಂಡಿಯೊಂದನ್ನೇ ದೂರಲಾರೆ. ಬೆಂಬಲ ಬೆಲೆ 3,950 ಇತ್ತು, ದರ ಅದಕ್ಕಿಂತ ಮೇಲೇ ಇತ್ತು ಎಂದು ಸಮಾಧಾನ ಹೇಳಿದವರೂ ಉಂಟು. 10,000 ನೋಡಿದವನಿಗೆ ಆ ಸಮಾಧಾನ ಹತ್ತುವುದಿಲ್ಲ.

ನಿಪ್ಪಾಣಿಗೆ ಇದರಲ್ಲಿ ಇನ್ನೊಂದು ತಿರುವಿದೆ. 1981ರಲ್ಲಿ ತಂಬಾಕು ಬೆಳೆಗಾರರನ್ನು ಇಲ್ಲಿ ಹೆದ್ದಾರಿಗೆ ಇಳಿಸಿದ ಶರದ್ ಜೋಶಿಯವರ ಶೇತ್ಕರಿ ಸಂಘಟನೆ ಮುಂದೆ ಕುಲಾಂತರಿ ಬೀಜದ ಪರ ನಿಂತಿತು. 1998ರಲ್ಲಿ ನಂಜುಂಡಸ್ವಾಮಿಯವರ ರೈತಸಂಘ ಬಿಟಿ ಹತ್ತಿಯ ಪ್ರಯೋಗದ ಹೊಲಕ್ಕೆ ಬೆಂಕಿ ಇಟ್ಟಿತು. ಗಡಿಯ ರೈತ ಎರಡೂ ಭಾಷಣ ಕೇಳಿದವನು. ಬೀಜ ಬೇಕೋ ಬೇಡವೋ ಎಂದು ಇಬ್ಬರೂ ಅವನ ಪರವಾಗಿ ವಾದಿಸಿದರು. ಹಿಂಡಿ ಬರುವಾಗ ಅವನನ್ನು ಯಾರೂ ಕೇಳಲಿಲ್ಲ.

ಅಮೆರಿಕದ ಜೊತೆ 2025ರಲ್ಲಿ ನಡೆದ ವ್ಯಾಪಾರ ಮಾತುಕತೆಯಲ್ಲಿ ಸೋಯಾ, ಮೆಕ್ಕೆಜೋಳದ ಮಾತು ಮತ್ತೆ ಎದ್ದಿತು. ಹಿಂಡಿ ಬರಲೇಬೇಕು ಅನ್ನುವುದಾದರೆ ಅನುಮತಿಯ ಅವಧಿ ಹೊಸ ಮಾಲು ಪೇಟೆಗೆ ಬರುವ ಸೆಪ್ಟೆಂಬರ್‌ಗೆ ಮೊದಲೇ ಮುಗಿಯಲಿ. ಮುಂಗಾರು ಬಿತ್ತನೆಗೂ ಮುಂಚೆ, ಎಷ್ಟು ಟನ್, ಯಾವ ತಿಂಗಳು ಎಂದು ಸಾರಲಿ. ಸೋಯಾ ಹಾಕಬೇಕೋ, ಕಬ್ಬನ್ನೇ ಇನ್ನೊಂದು ವರ್ಷ ಕೂಳೆ ಬಿಡಬೇಕೋ ಎಂದು ಅಥಣಿಯವರು ಆಗಲೇ ಲೆಕ್ಕ ಹಾಕಿಕೊಳ್ಳುತ್ತಾರೆ.