ಸ್ಟೆತಸ್ಕೋಪೂ ಹಾರ್ಮೋನಿಯಮ್ಮೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಮನೆಗಳಲ್ಲಿ ಮಗಳ ಮದುವೆಯಾಗಲಿ, ಹೊಸ ಕೊಳವೆಬಾವಿಯಾಗಲಿ, ಮಗನ ಓದಾಗಲಿ, ಎಲ್ಲವೂ ಅಟ್ಟದ ಮೇಲಿನ ಕೊಬ್ಬರಿಯನ್ನು ನಂಬಿಯೇ ನಡೆಯತಕ್ಕವು. ಆ ಕೊಬ್ಬರಿಯಾದರೋ ಅವಸರಕ್ಕೆ ಬಗ್ಗುವ ಪದಾರ್ಥವಲ್ಲ. ಬಲಿತ ಕಾಯನ್ನು ಸಿಪ್ಪೆಸಮೇತ ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಕಾಯಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟವನ್ನು ಬಿಟ್ಟುಕೊಂಡು, ಅಲುಗಿಸಿದಾಗ ಗಡಗಡ ಸದ್ದು ಮಾಡಿದರೆ ಮಾತ್ರ ಅದು ಉಂಡೆ ಕೊಬ್ಬರಿ. ಅದಕ್ಕೆ ಮೊದಲೇ ಒಡೆದವನ ಪಾಲಿಗೆ ಅತ್ತ ಕಾಯಿಯೂ ಇಲ್ಲ, ಇತ್ತ ಕೊಬ್ಬರಿಯೂ ಇಲ್ಲ.

ಕಾಯಿಯ ವಿಷಯದಲ್ಲಿ ಇಷ್ಟೊಂದು ತಾಳ್ಮೆಯನ್ನು ತೋರುವ ನಾವು ಮಕ್ಕಳ ವಿಷಯದಲ್ಲಿ ಅದನ್ನು ಅಟ್ಟದ ಮೇಲೆಯೇ ಮರೆತುಬರುತ್ತೇವೆಯೇನೋ! ಮಗಳಿಗೆ ಮೆಡಿಕಲ್ ಸೀಟು ಸಿಕ್ಕಿತೆಂದು ತಿಳಿದ ದಿನ ಬೀದಿಗೆಲ್ಲ ಸಿಹಿ ಹಂಚುತ್ತೇವೆ. ಆ ಸಂಜೆಯೇ, "ಇನ್ನು ಈ ಹಾಡು-ಗೀಡು ಎಲ್ಲ ಕಟ್ಟಿಡಮ್ಮ, ಡಾಕ್ಟರಾದ ಮೇಲೆ ಹಾಡಿಕೊಂಡರಾಯಿತು" ಎಂದು ಹಿತವಚನವನ್ನೂ ಹೇಳಿಬಿಡುತ್ತೇವೆ. ಹೇಳುವವರ ಮನಸ್ಸಿನಲ್ಲಿ ಕೇಡಿಲ್ಲ. ಇರುವುದು ಪ್ರೀತಿ, ಅದರ ಜೊತೆಗೆ ಭಯ. ಕೊಬ್ಬರಿಯ ಧಾರಣೆ ಏರಿದರೂ ಇಳಿದರೂ ಕಾಲೇಜಿನ ಶುಲ್ಕ ಇಳಿಯುವುದಿಲ್ಲವಲ್ಲ! ಆದರೆ ಈ ಹಿತವಚನ ನಿಜವಾಗಿಯೂ ಹಿತವೇ ಎಂಬುದನ್ನು ಕೊಂಚ ನಿಧಾನವಾಗಿ ವಿಚಾರಿಸಬೇಕಾಗಿದೆ.

"ಆಮೇಲೆ" ಎಂದರೆ ಎಂದು?

ಮೊದಲು ಕಾಲದ ಲೆಕ್ಕವನ್ನು ನೋಡೋಣ. ಎಂ.ಬಿ.ಬಿ.ಎಸ್. ಪದವಿಗೆ ನಾಲ್ಕೂವರೆ ವರ್ಷದ ವ್ಯಾಸಂಗ. ಅದರ ಮೇಲೆ ಒಂದು ವರ್ಷದ ಕಡ್ಡಾಯ ಇಂಟರ್ನ್‌ಷಿಪ್. ಇಂದಿನ ದಿನಗಳಲ್ಲಿ ಅಷ್ಟಕ್ಕೇ ನಿಲ್ಲುವವರು ವಿರಳ. ಸ್ನಾತಕೋತ್ತರ ಪ್ರವೇಶಪರೀಕ್ಷೆಯ ತಯಾರಿ, ಸೀಟು ಸಿಕ್ಕಿದ ಮೇಲೆ ಮತ್ತೆ ಮೂರು ವರ್ಷ. ಹದಿನೆಂಟರ ಹರೆಯದಲ್ಲಿ ಹೊರಟ ಹುಡುಗಿ ಈ ದಾರಿಯ ತುದಿಯನ್ನು ಮುಟ್ಟುವಾಗ ಇಪ್ಪತ್ತೇಳು ಇಪ್ಪತ್ತೆಂಟು ದಾಟಿರುತ್ತದೆ. ಅಷ್ಟರೊಳಗೆ ಅಜ್ಜಿ ತೀರಿಕೊಂಡಿರಬಹುದು. ಒಡಹುಟ್ಟಿದವರ ಮದುವೆಗಳು ಆಗಿಹೋಗಿರಬಹುದು. ಹತ್ತು ಗೌರಿಹಬ್ಬಗಳು ವಾರ್ಡಿನಲ್ಲಿಯೇ ಕಳೆದಿರಬಹುದು. ನಡುನಡುವೆ ನೆಂಟರಿಷ್ಟರು, "ಓದು ಯಾವಾಗ ಮುಗಿಯುತ್ತೆ, ಗಂಡು ನೋಡೋದು ಯಾವಾಗ?" ಎಂದು ಕೇಳುತ್ತಲೂ ಇರುತ್ತಾರೆ. ಹಾಡುವುದನ್ನು ಮುಂದೂಡು, ಗೆಳೆತನವನ್ನು ಮುಂದೂಡು, ನಿದ್ದೆಯನ್ನು ಮುಂದೂಡು, ಮದುವೆಯನ್ನು ಮಾತ್ರ ಬೇಗ ಮಾಡಿಕೋ ಎಂದರೆ ಆ ಮಗು ಯಾವುದನ್ನು ತಾನೇ ನಿಭಾಯಿಸೀತು?

"ಆಮೇಲೆ" ಎಂದು ನಾವು ಹೇಳುವ ಕಾಲ ಬರುವುದೇನೋ ದಿಟ. ಹತ್ತು ವರ್ಷ ಶ್ರುತಿ ಸೇರಿಸದ ಗಂಟಲು ಅಂದು ತಾನಾಗಿ ಹಾಡುವುದೆಂದು ಯಾರು ಹೇಳಬಲ್ಲರು?

ಇಬ್ಬರು ಕನ್ನಡ ವೈದ್ಯರು

ವೈದ್ಯವಿದ್ಯೆಗೂ ಕಲೆಗೂ ಎಣ್ಣೆ-ಸೀಗೆಕಾಯಿ ಸಂಬಂಧವೆನ್ನುವವರು ನಮ್ಮ ಸಾಹಿತ್ಯಚರಿತ್ರೆಯನ್ನೇ ಒಮ್ಮೆ ತಿರುವಿನೋಡಬಹುದು. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಹೋದ ವೈದ್ಯಕೀಯ ಕಾಲೇಜಿನಲ್ಲಿ, ಮುಂದೆ ತೀರ್ಥಹಳ್ಳಿಯ ಕಡೆಯ ವೆಂಕಟಲಕ್ಷ್ಮಿ ಎಂಬ ತರುಣಿ ಓದಿದರು. ಕನ್ನಡಿಗರು ಅವರನ್ನು ಬಲ್ಲುದು ಅನುಪಮಾ ನಿರಂಜನ ಎಂದು. ವೈದ್ಯವೃತ್ತಿ ಒಂದು ಕಡೆ, ಕಾದಂಬರಿ ಒಂದು ಕಡೆ, ಕಾದಂಬರಿಕಾರ ನಿರಂಜನರೊಡನೆ ಸಂಸಾರ, ಇಬ್ಬರು ಹೆಣ್ಣುಮಕ್ಕಳ ಪಾಲನೆ ಮತ್ತೊಂದು ಕಡೆ. ನಿರಂಜನರು ಪಾರ್ಶ್ವವಾಯುವಿಗೆ ತುತ್ತಾದ ಮೇಲೆ ಅವರ ಶುಶ್ರೂಷೆಯೂ ಸೇರಿತು. ಇಷ್ಟರ ನಡುವೆಯೇ ಮನೆಮನೆಯ ತಾಯಂದಿರಿಗಾಗಿ "ತಾಯಿ-ಮಗು", ಮಕ್ಕಳಿಗಾಗಿ ವರ್ಷದ ದಿನಗಳಷ್ಟು ಕಥೆಗಳ "ದಿನಕ್ಕೊಂದು ಕಥೆ" ಹೊರಬಂದವು. "ತಾಯಿ-ಮಗು" ಪುಸ್ತಕವನ್ನು ಬರೆದುದು ವೈದ್ಯೆಯೋ ಲೇಖಕಿಯೋ? ಇಬ್ಬರೂ ಕೂಡಿದ್ದರಿಂದಲೇ ಅದು ಹುಟ್ಟಿತು. ರೋಗಿಗಳನ್ನು ನೋಡದ ಲೇಖಕಿಗೆ ಅದರ ವಿಷಯ ತಿಳಿಯುತ್ತಿರಲಿಲ್ಲ. ಕಥೆ ಬರೆಯದ ವೈದ್ಯೆಗೆ ಆ ಸರಳ ಮಾತು ದಕ್ಕುತ್ತಿರಲಿಲ್ಲ. 1991ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ ಈ ಲೇಖಕಿ ಆ ರೋಗವನ್ನು ಕುರಿತೂ ಜನರಿಗೆ ತಿಳಿಯುವಂತೆ ಬರೆದಿದ್ದರು.

ಇನ್ನೊಬ್ಬರು ರಾಶಿ, ಎಂದರೆ ಡಾಕ್ಟರ್ ಎಂ. ಶಿವರಾಂ. ಬೆಂಗಳೂರಿನಲ್ಲಿ ರೋಗಿಗಳ ನಾಡಿ ಹಿಡಿಯುತ್ತಿದ್ದ ಈ ವೈದ್ಯರು 1942ರಲ್ಲಿ "ಕೊರವಂಜಿ" ಎಂಬ ಹಾಸ್ಯಪತ್ರಿಕೆಯನ್ನು ಹೊರಡಿಸಿ 1967ರವರೆಗೂ ನಡೆಸಿದರು. ನಾ. ಕಸ್ತೂರಿ, ಟಿ. ಸುನಂದಮ್ಮ ಮುಂತಾದವರ ನಗೆಬರಹಗಳು ಅದರಲ್ಲಿ ಬೆಳಕು ಕಂಡವು, ಆರ್. ಕೆ. ಲಕ್ಷ್ಮಣರ ಆರಂಭದ ವ್ಯಂಗ್ಯಚಿತ್ರಗಳೂ ಅಲ್ಲಿದ್ದವು. ಕಾಲು ಶತಮಾನ ನಾಡನ್ನು ನಗಿಸಿದ ಆ ವೈದ್ಯರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು 1976ರಲ್ಲಿ, ಮನಸ್ಸಿನ ವ್ಯಾಪಾರವನ್ನು ವಿವರಿಸುವ "ಮನಮಂಥನ" ಎಂಬ ಗ್ರಂಥಕ್ಕೆ. ಇಲ್ಲಿಯೂ ವೃತ್ತಿ ಮತ್ತು ಹವ್ಯಾಸ ಒಂದಕ್ಕೊಂದು ನೀರೆರೆದಿವೆ.

ಹಾಗೆಂದು ಇದು ಬರಿಯ ಪವಾಡಗಳ ಕಥೆಯಲ್ಲ. ರಷ್ಯದ ಚೆಕಾಫ್ ಮಾಸ್ಕೋದಲ್ಲಿ ವೈದ್ಯಕೀಯ ಓದುತ್ತಿದ್ದಾಗಲೇ ತಂದೆತಾಯಿಯರನ್ನೂ ಒಡಹುಟ್ಟಿದವರನ್ನೂ ಸಾಕುವ ಸಲುವಾಗಿ ಪತ್ರಿಕೆಗಳಿಗೆ ನಗೆಬರಹಗಳನ್ನು ಬರೆದು ಹಣ ಸಂಪಾದಿಸಿದನು. 1884ರಲ್ಲಿ ವೈದ್ಯನಾದನು, ಅದೇ ವರ್ಷ ಕ್ಷಯದ ಮೊದಲ ಸೂಚನೆಯಾಗಿ ಬಾಯಿಂದ ರಕ್ತ ಕಾಣಿಸಿಕೊಂಡಿತು. ವೈದ್ಯನಾಗಿದ್ದೂ ತನ್ನ ಕಾಯಿಲೆಯನ್ನು ವರ್ಷಗಟ್ಟಲೆ ಕಡೆಗಣಿಸಿದನು. 1904ರಲ್ಲಿ ನಲವತ್ತನಾಲ್ಕರ ವಯಸ್ಸಿಗೇ ಕಣ್ಣುಮುಚ್ಚಿದನು. ಎರಡು ಹೊರೆಗಳನ್ನು ಹೊತ್ತವರನ್ನು ಹೊಗಳುವಾಗ ಹೊತ್ತ ಭುಜಕ್ಕೂ ನೋವಾಗುತ್ತದೆಂಬುದನ್ನು ನಾವು ಮರೆಯಲಾಗದು. ಆದುದರಿಂದ ಹೊರೆ ಹೊರುವುದಕ್ಕೂ ಒಂದು ಕ್ರಮ ಬೇಕು.

ಪಾತಿಯ ಆಚೆಗೆ

ಆ ಕ್ರಮವನ್ನು ತೋರಿಸಲು ನಮ್ಮ ಸೀಮೆಯ ತೋಟವೇ ಸಾಕು. ಒಂದು ತೆಂಗಿನ ಮರಕ್ಕೂ ಇನ್ನೊಂದಕ್ಕೂ ನಡುವೆ ಇಪ್ಪತ್ತೈದು ಮೂವತ್ತು ಅಡಿ ಜಾಗ ಬಿಡುವುದು ವಾಡಿಕೆ. ಆ ಜಾಗವನ್ನು ಬುದ್ಧಿವಂತ ರೈತ ಬರಿದು ಬಿಡುವುದಿಲ್ಲ. ಬಾಳೆ ಇಡುತ್ತಾನೆ, ಅಲಸಂದೆ, ಹುರುಳಿ, ಹೆಸರು ಚೆಲ್ಲುತ್ತಾನೆ. ಅದರಿಂದ ತೆಂಗು ಬಡವಾಗುವುದಿಲ್ಲ. ದ್ವಿದಳ ಧಾನ್ಯದ ಬೇರಿನಿಂದ ನೆಲಕ್ಕೇ ಸಾರ ಸೇರುತ್ತದೆ. ಆದರೆ ಮರದ ಬುಡದ ಸುತ್ತ ಆರಡಿ ದೂರದವರೆಗಿನ ಪಾತಿಯಲ್ಲಿ ಅವನು ಏನನ್ನೂ ಬಿತ್ತುವುದಿಲ್ಲ. ತೆಂಗಿನ ಬೇರು ಅನ್ನ ನೀರು ಹುಡುಕುವುದು ಬಹುಪಾಲು ಅಲ್ಲಿಯೇ ಎಂಬುದನ್ನು ಅವನು ಬಲ್ಲ.

ವೈದ್ಯ ವಿದ್ಯಾರ್ಥಿಯ ದಿನಕ್ಕೂ ಇಂಥದೊಂದು ಪಾತಿ ಉಂಟು. ತರಗತಿ, ವಾರ್ಡು, ಆ ದಿನದ ಪಾಠವನ್ನು ಆ ದಿನವೇ ತಿರುವಿಹಾಕುವ ಒಂದೆರಡು ಗಂಟೆ, ಊಟ, ನಿದ್ದೆ, ಇವು ಪಾತಿಯೊಳಗಿನವು. ಇವನ್ನು ಹವ್ಯಾಸಕ್ಕಾಗಿ ಕೆದಕಬಾರದು. ಅದರಾಚೆಗೆ ದಿನಕ್ಕೆ ಅರ್ಧ ಗಂಟೆಯಾದರೂ ಜಾಗ ಇದ್ದೇ ಇರುತ್ತದೆ. ಆ ಅರ್ಧ ಗಂಟೆಗೆ ಒಪ್ಪುವ ಬೆಳೆಯನ್ನೇ ಆರಿಸಿಕೊಳ್ಳುವುದು ಜಾಣತನ. ಬೃಹತ್ಕಾದಂಬರಿ ಆಗದಿದ್ದರೆ ದಿನಚರಿಯ ಒಂದು ಪುಟ, ಕಛೇರಿ ಆಗದಿದ್ದರೆ ಒಂದು ಕೀರ್ತನೆ, ತೈಲಚಿತ್ರ ಆಗದಿದ್ದರೆ ಪೆನ್ಸಿಲಿನ ಒಂದು ರೇಖಾಚಿತ್ರ. ಶರೀರರಚನೆಯ ಪಾಠಕ್ಕಾಗಿ ಮೂಳೆ ಸ್ನಾಯುಗಳ ಚಿತ್ರ ಬರೆಯುವವನಿಗೆ ಕೈ ಪಳಗಿದ್ದರೆ ನಷ್ಟವೇನು? ಪರೀಕ್ಷೆಯ ತಿಂಗಳಲ್ಲಿ ಈ ಅಂತರ ಬೆಳೆ ಒಣಗಿದರೆ ಒಣಗಲಿ. ಹುರುಳಿಯನ್ನು ಮುಂದಿನ ಮಳೆಗೆ ಮತ್ತೆ ಚೆಲ್ಲಬಹುದು.

ಬರೆಯುವ ಹವ್ಯಾಸವುಳ್ಳವರಿಗೆ ಇನ್ನೊಂದು ಎಚ್ಚರಿಕೆಯೂ ಅಗತ್ಯ. ರೋಗಿ ವೈದ್ಯನನ್ನು ನಂಬಿ ಹೇಳಿಕೊಂಡ ಮಾತು ಕಥೆಗೆ ಸಿಕ್ಕಿದ ಸರಕಲ್ಲ. ಊರು, ಹೆಸರು, ಗುರುತು ತಿಳಿಯುವಂತೆ ಅದನ್ನು ಬರೆಯುವುದು ಕಲೆಯೂ ಅಲ್ಲ, ವೈದ್ಯಧರ್ಮವೂ ಅಲ್ಲ.

ಕಾಲೇಜುಗಳ ದೃಷ್ಟಿಯೂ ಈಚೆಗೆ ಬದಲಾಗುತ್ತ ಬಂದಿದೆ. 2019ರಲ್ಲಿ ಜಾರಿಗೆ ಬಂದ ಪಠ್ಯಕ್ರಮವು ಆರಂಭದ ತಳಹದಿ ಶಿಕ್ಷಣದಲ್ಲಿಯೇ ಸ್ಥಳೀಯ ಭಾಷೆಗೂ ಆಟಪಾಠಗಳಿಗೂ ಎಡೆಮಾಡಿತು. ರೋಗಿಯೊಡನೆ ಮಾತನಾಡುವ ಬಗೆಯೂ ಪಾಠದ ವಿಷಯವಾಯಿತು. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆಯೊಂದು ವೈದ್ಯ ವಿದ್ಯಾರ್ಥಿಗಳ ಮನಸ್ಸಿನ ಆರೋಗ್ಯವನ್ನು ಕುರಿತು ವರದಿ ನೀಡಿತು. ಅದರ ಸಮೀಕ್ಷೆಗೆ ಉತ್ತರಿಸಿದ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳ ಪೈಕಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ತಮಗೆ ಮಾನಸಿಕ ತೊಂದರೆಯಿದೆಯೆಂದು ತಿಳಿಸಿದ್ದರು. ಆಸ್ಪತ್ರೆಯಲ್ಲಿ ದುಡಿಯುವ ಸ್ನಾತಕೋತ್ತರ ವಿದ್ಯಾರ್ಥಿಗಳ ಕೆಲಸ ವಾರಕ್ಕೆ 74 ಗಂಟೆ ಮೀರಬಾರದು, ವಾರಕ್ಕೊಂದು ದಿನ ಬಿಡುವಿರಬೇಕು, ದಿನಕ್ಕೆ ಏಳೆಂಟು ಗಂಟೆ ನಿದ್ದೆಯಿರಬೇಕು ಎಂದು ಆ ಪಡೆ ಸಲಹೆಮಾಡಿತು. ನಿದ್ದೆ ಮಾಡಿರೆಂದು ತಜ್ಞರ ಸಮಿತಿಯೊಂದು ಬರೆದು ಹೇಳಬೇಕಾಯಿತೆಂದರೆ ಈ ಮಕ್ಕಳ ದಣಿವು ಎಷ್ಟೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು.

ಮನೆಯವರು ಹಿಡಿಯಬೇಕಾದ ನಾಡಿ

ನಮ್ಮ ಸೀಮೆ ಕಲೆಯನ್ನು ಅರಿಯದ ಸೀಮೆಯಲ್ಲ. 1884ರಲ್ಲಿ ನಾಟಕ ಕಂಪನಿ ಕಟ್ಟಿದ ಗುಬ್ಬಿ ನಮ್ಮ ನೆರೆಯ ಊರು. ಕಾವ್ಯಮೀಮಾಂಸೆಯ ಆಚಾರ್ಯ ತೀ.ನಂ.ಶ್ರೀ. ಅವರು ಹುಟ್ಟಿದ ತೀರ್ಥಪುರ ಇರುವುದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ. ಇಂದಿಗೂ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕವೆಂದರೆ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ತಿಂಗಳುಗಟ್ಟಲೆ ತಾಲೀಮು ನಡೆಸಿ, ಬೆಳಗಾಗುವವರೆಗೂ ಆಡುತ್ತಾರೆ. ದುರ್ಯೋಧನನಾಗಿ ಗದೆ ಬೀಸಿದ ರೈತ ಮರುದಿನ ತೋಟಕ್ಕೆ ನೀರು ಕಟ್ಟುವುದನ್ನು ಮರೆತನೆಂದು ಯಾರೂ ದೂರಿಲ್ಲ. ರೈತನಿಗೆ ಸಲ್ಲುವ ಈ ನಂಬಿಕೆ ಮೆಡಿಕಲ್ ಓದುವ ಅವನ ಮಗನಿಗೆ ಏಕೆ ಸಲ್ಲಬಾರದು?

ಹವ್ಯಾಸಕ್ಕೆ ಇನ್ನೊಂದು ಪ್ರಯೋಜನವುಂಟು. ಅದು ದೂರದಲ್ಲಿರುವ ಮಗುವಿನ ಮನಸ್ಸಿನ ನಾಡಿ. ತಾನು ಮೊದಲು ಇಷ್ಟಪಡುತ್ತಿದ್ದುದರಲ್ಲಿ ಸ್ವಾರಸ್ಯವೇ ಇಲ್ಲವಾಗುವುದು ಖಿನ್ನತೆಯ ಮುಖ್ಯ ಲಕ್ಷಣಗಳಲ್ಲೊಂದೆಂದು ವೈದ್ಯಶಾಸ್ತ್ರವೇ ಹೇಳುತ್ತದೆ. ಹಾಡುವ ಹುಡುಗಿ ಪರೀಕ್ಷೆಯ ಕಾರಣಕ್ಕೆ ಒಂದು ತಿಂಗಳು ಹಾಡದಿದ್ದರೆ ಚಿಂತೆಯಿಲ್ಲ. ಪರೀಕ್ಷೆ ಮುಗಿದು ರಜೆ ಬಂದರೂ ಹಾಡು ಬೇಡವೆನಿಸಿದರೆ, ನಿದ್ದೆ ಊಟ ಕೆಟ್ಟಿದ್ದರೆ, ಗೆಳತಿಯರನ್ನೂ ದೂರವಿಟ್ಟಿದ್ದರೆ, ಅದನ್ನು ಸೋಮಾರಿತನವೆಂದಾಗಲಿ ಜಂಬವೆಂದಾಗಲಿ ತಿಳಿಯುವುದು ಅಪಾಯಕರ. ಅಂಥ ಸಮಯದಲ್ಲಿ ಗದರದೆ ಬಳಿಯಲ್ಲಿ ಕುಳಿತು ಕೇಳಬೇಕು. ವೈದ್ಯರ ಬಳಿಗೆ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮನಸ್ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ಕರೆಮಾಡಬಹುದು, ಹಣ ಕೊಡಬೇಕಾಗಿಲ್ಲ. ಡಾಕ್ಟರಾಗುವ ಮಗುವಿಗೇ ಡಾಕ್ಟರೇ ಎಂದು ನಾಚಬೇಕಾದ್ದಿಲ್ಲ. ಡಾಕ್ಟರರಿಗೂ ಜ್ವರ ಬರುತ್ತದಷ್ಟೆ!

ಆದುದರಿಂದ ತಾಯ್ತಂದೆಯರಲ್ಲಿ ಒಂದು ವಿನಂತಿ. ಪ್ರತಿ ರಾತ್ರಿ ಫೋನಿನಲ್ಲಿ, "ಟೆಸ್ಟಿನಲ್ಲಿ ಎಷ್ಟು ಬಂತು?" ಎಂದು ಕೇಳುವುದು ಇದ್ದೇ ಇದೆ. ವಾರಕ್ಕೊಮ್ಮೆಯಾದರೂ, "ಊಟ ಆಯ್ತಾ ಮಗಳೇ, ನಿದ್ದೆ ಬಂತಾ, ಏನಾದರೂ ಹಾಡಿಕೊಂಡೆಯಾ?" ಎಂದು ಕೇಳಿನೋಡಿ. ಹಬ್ಬಕ್ಕೆ ಬರಲಾಗದಿದ್ದರೆ ಮುನಿಸಿಕೊಳ್ಳದೆ ಒಂದು ಡಬ್ಬಿ ಕೊಬ್ಬರಿ ಮಿಠಾಯಿಯನ್ನು ಕಳುಹಿಸಿಕೊಡಿ. ಮದುವೆಯ ಮಾತು ಬಂದಾಗ ಕಾಲವನ್ನು ಗೊತ್ತುಮಾಡುವ ಹಕ್ಕನ್ನು ಅವಳಿಗೇ ಬಿಡಿ. ಹಾರ್ಮೋನಿಯಂ ಪೆಟ್ಟಿಗೆಯನ್ನು ಹಾಸ್ಟೆಲಿಗೆ ಒಯ್ಯುವುದು ಕಷ್ಟವಾದರೆ ಮನೆಯಲ್ಲಿಯೇ ಇರಲಿ. ಆದರೆ ಅಟ್ಟಕ್ಕೆ ಹಾಕಬೇಡಿ, ಕೈಗೆ ಸಿಗುವಲ್ಲಿ ಇಡಿ. ರಜೆಗೆಂದು ಬಂದವಳು ತಾನಾಗಿ ಅದರ ತಿದಿಯನ್ನು ಎಳೆದಳೆಂದರೆ, ಮಗಳು ಚೆನ್ನಾಗಿದ್ದಾಳೆಂದು ತಿಳಿದು ನೀವೂ ನೆಮ್ಮದಿಯಿಂದ ನಿದ್ರಿಸಬಹುದು.